ಆಶ್ರಯ ಕೇಳುವ ಮತ, ಹೊಣೆ ಹೊರುವ ಮತ

ಕೊಡಗಿನಲ್ಲಿ ವಿಧಾನಸಭೆಗೆ ಇರುವುದು ಎರಡೇ ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ. 2023ರ ಮೇ 10ರಂದು ನಡೆದ ಮತದಾನದಲ್ಲಿ ಎರಡೂ ಕಡೆ ಗೆಲುವಿನ ಅಂತರ ಐದು ಸಾವಿರ ದಾಟಲಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಅದರಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು ಮೂವರು. ಈ ಎರಡು ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿದ ಯಾವ ಪಕ್ಷದ ಕಾರ್ಯಕರ್ತನಿಗಾದರೂ ಒಂದೇ ಯೋಚನೆ ಬರುತ್ತದೆ: ಈ ಓಟುಗಳು ಚದುರದೆ ಒಟ್ಟಿಗೆ ಬಿದ್ದರೆ ಕ್ಷೇತ್ರ ಕೈಗೆ ಬಂದಂತೆ. ಹಾಗಾಗಿ ಚುನಾವಣೆ ಹತ್ತಿರವಾದಂತೆ ಚರ್ಚಿನ ಅಂಗಳಕ್ಕೆ ಬಿಳಿ ಅಂಗಿಗಳು ಬರುತ್ತವೆ. ಸಮಾಧಿಸ್ಥಳಕ್ಕೆ ಕಾಂಪೌಂಡ್, ಸಭಾಭವನಕ್ಕೆ ಶೀಟು, ರಸ್ತೆಗೆ ಕಾಂಕ್ರೀಟು ಎಂಬ ಮಾತುಗಳು ಶುರುವಾಗುತ್ತವೆ. ನಮ್ಮ ಕ್ರೈಸ್ತರ ಬಾಯಲ್ಲೂ ಒಂದು ಮಾತು ಓಡಾಡುತ್ತದೆ: ‘ನಾವೆಲ್ಲ ಒಂದೇ ಕಡೆ ಒತ್ತಿದರೆ ನಮಗೂ ಬೆಲೆ ಬರುತ್ತದೆ.’

ಆ ಮಾತು ತಪ್ಪು ಎಂದು ನಾನು ನಂಬುತ್ತೇನೆ. ಕ್ರೈಸ್ತರು ಮತ ಹಾಕಬೇಕು, ಯೋಚಿಸಿ ಹಾಕಬೇಕು, ಬೇಕಾದರೆ ಚುನಾವಣೆಗೆ ನಿಲ್ಲಲೂಬೇಕು. ಆದರೆ ತಮ್ಮ ಕ್ರೈಸ್ತ ಸಭೆಯನ್ನು ಕಾಯುವ ಒಬ್ಬ ದೊರೆಯನ್ನು ಹುಡುಕುವುದಕ್ಕಾಗಿ ಅಲ್ಲ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ, ಆದಿವಾಸಿಗಳ ಹಾಡಿಯಲ್ಲಿ, ಪೈಸಾರಿ ಎಂಬ ಸರ್ಕಾರಿ ಜಾಗದಲ್ಲಿ ಬದುಕುವ ನೆರೆಯವರ ಬಾಳಿಗೆ ತಾವೂ ಹೊಣೆ ಎಂದು ತಿಳಿದು ಹಾಕಬೇಕು. ಈ ಎರಡರ ನಡುವಿನ ದೂರ ನಾವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು.

ದೊರೆಯ ಆಶ್ರಯ ಹುಡುಕುವ ಅಭ್ಯಾಸಕ್ಕೆ ಕೊಡಗಿನಲ್ಲಿ ದೀರ್ಘ ಚರಿತ್ರೆಯಿದೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ವಿರಾಜಪೇಟೆಯಲ್ಲಿ ಜಾಗ ಕೊಟ್ಟು ನೆಲೆ ನಿಲ್ಲಿಸಿದವರು ಕೊಡಗಿನ ಅರಸ ದೊಡ್ಡವೀರರಾಜೇಂದ್ರರು. ಅಲ್ಲಿನ ಸಂತ ಅನ್ನಮ್ಮನವರ ಚರ್ಚು 1792ರಿಂದ ತನ್ನ ಇತಿಹಾಸವನ್ನು ಎಣಿಸುತ್ತದೆ. ಇನ್ನೊಂದು ಕವಲು ಬ್ರಿಟಿಷರ ಕಾಲದ್ದು. 1834ರಲ್ಲಿ ಕೊಡಗು ಕಂಪನಿಯ ಕೈಸೇರಿತು. 1853ರಲ್ಲಿ ಜರ್ಮನ್ ಮಿಷನರಿ ಹೆರ್ಮನ್ ಮೋಗ್ಲಿಂಗ್ ಇಲ್ಲಿಗೆ ಬಂದರು. ಅಮ್ಮತ್ತಿ ಹತ್ತಿರದ ಆನಂದಪುರದಲ್ಲಿ, ಕ್ರೈಸ್ತರಾದ ದಲಿತ ಕುಟುಂಬಗಳಿಗೆ ಒಂದು ಊರೇ ಎದ್ದಿತು. ಆಮೇಲೆ ಮಂಗಳೂರು ಕಡೆಯ ಕೊಂಕಣಿಗರು, ತಮಿಳುನಾಡಿನಿಂದ ತೋಟದ ಕೆಲಸಕ್ಕೆ ಬಂದವರು, ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರು ಹೀಗೆ ಹಲವು ಹೊಳೆಗಳು ಸೇರಿದವು. ಒಬ್ಬರಿಗೆ ಅರಸ ಆಸರೆಯಾದ, ಒಬ್ಬರಿಗೆ ಕಮಿಷನರ್, ಇನ್ನೊಬ್ಬರಿಗೆ ತೋಟದ ದೊರೆ. ಆ ಉಪಕಾರಗಳನ್ನು ನೆನೆಯುವುದು ಸರಿಯೇ. ಆದರೆ ಆಶ್ರಯ ಪಡೆದವನು ಕೊಟ್ಟವನ ಮುಖ ನೋಡಿ ಮಾತಾಡುತ್ತಾನೆ. ಅರಸರು ಹೋಗಿ, ದೊರೆಗಳು ಹೋಗಿ, ಸಂವಿಧಾನ ಬಂದ ಮೇಲೂ ಆ ಮುಖ ನೋಡುವ ಅಭ್ಯಾಸ ನಮ್ಮಲ್ಲಿ ಉಳಿದಿದೆ. ‘ಈ ಸಲ ಯಾರು ನಮ್ಮನ್ನು ನೋಡಿಕೊಳ್ಳುತ್ತಾರೆ?’ ಎಂಬುದೇ ನಮ್ಮ ಮೊದಲ ಪ್ರಶ್ನೆಯಾಗಿದೆ.

ನಮ್ಮ ಹಿರಿಯರು ಆ ಪ್ರಶ್ನೆಯನ್ನು ಒಮ್ಮೆ ದಾಟಿದ್ದರು. 1935ರ ಕಾಯ್ದೆಯಡಿ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು, ಅಂದರೆ ಕ್ರೈಸ್ತರೇ ಕ್ರೈಸ್ತರನ್ನು ಆರಿಸುವ ಏರ್ಪಾಟು. ಸಂವಿಧಾನ ರಚನಾ ಸಭೆಯಲ್ಲಿ ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರಾಗಿದ್ದವರು ಬಂಗಾಳದ ಕ್ರೈಸ್ತ ಹರೇಂದ್ರ ಕುಮಾರ್ ಮುಖರ್ಜಿ. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡ ಎಂಬ ತೀರ್ಮಾನಕ್ಕೆ 1949ರ ಮೇ ತಿಂಗಳಲ್ಲಿ ಅವರು ಬೆಂಬಲ ಕೊಟ್ಟರು. ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿತ್ ಗುರು ಜೆರೋಮ್ ಡಿಸೋಜ ಅದೇ ಸಭೆಯಲ್ಲಿ ಮದ್ರಾಸಿನ ಪ್ರತಿನಿಧಿ. ಕೊಡಗಿನಿಂದ ಅಲ್ಲಿ ಕೂತಿದ್ದವರು ಸಿ.ಎಂ. ಪೂಣಚ್ಚ. ಬೇಲಿ ಹಾಕಿಕೊಂಡ ಸಮುದಾಯವಾಗಿ ಅಲ್ಲ, ಎಲ್ಲರ ಜೊತೆ ಕ್ಯೂನಲ್ಲಿ ನಿಂತು ಮತ ಹಾಕುವ ನಾಗರಿಕರಾಗಿ ಬದುಕುತ್ತೇವೆ ಎಂದು ಆ ತಲೆಮಾರು ಒಪ್ಪಿತು. ಅವರು ಬಿಟ್ಟುಕೊಟ್ಟ ಬೇಲಿಯನ್ನು ನಾವು ವಾಟ್ಸಾಪಿನಲ್ಲಿ ಮತ್ತೆ ಕಟ್ಟುವುದು ನ್ಯಾಯವಲ್ಲ.

ಇನ್ನು ಧರ್ಮಗ್ರಂಥದ ಮಾತು. ರಾಜಕೀಯದ ವಿಷಯ ಬಂದಾಗ ನಮ್ಮ ಪ್ರಸಂಗಗಳಲ್ಲಿ, ಅಂದರೆ ಚರ್ಚಿನ ಬೋಧನೆಗಳಲ್ಲಿ, ಹೆಚ್ಚಾಗಿ ಕೇಳುವುದು ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ: ಮೇಲಿನ ಅಧಿಕಾರಿಗಳಿಗೆ ಅಧೀನರಾಗಿರಿ. ಅದನ್ನೊಂದೇ ಓದಿದರೆ ಕ್ರೈಸ್ತರು ಬಾಯಿ ಮುಚ್ಚಿಕೊಂಡಿರಬೇಕು ಎಂದಾಗುತ್ತದೆ. ಆದರೆ ಅದೇ ಅಧ್ಯಾಯ ಅಧಿಕಾರಿಗೆ ಅಳತೆಗೋಲನ್ನೂ ಕೊಡುತ್ತದೆ. ಅವನು ಇರುವುದು ನಿನ್ನ ಹಿತಕ್ಕಾಗಿ, ಕೆಟ್ಟದ್ದನ್ನು ತಡೆಯುವುದಕ್ಕಾಗಿ. ಆ ಅಳತೆ ಮೀರಿದಾಗ ಏನು? ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಶಿಪ್ರಾ ಮತ್ತು ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು, ಗಂಡುಕೂಸುಗಳನ್ನು ಕೊಲ್ಲಿರಿ ಎಂಬ ಫರೋಹನ ಆಜ್ಞೆಯನ್ನು ಪಾಲಿಸಲಿಲ್ಲ. ದೇವರು ಅವರನ್ನು ಮೆಚ್ಚಿದರು. ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯದಲ್ಲಿ ಪೇತ್ರ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದ. ಪ್ರಕಟನೆಯ 13ನೇ ಅಧ್ಯಾಯದಲ್ಲಂತೂ ಸಾಮ್ರಾಜ್ಯವೇ ಮೃಗದ ರೂಪ ತಾಳುತ್ತದೆ. ಒಂದೇ 13ನೇ ಅಧ್ಯಾಯ ಓದಿ ನಿಲ್ಲಿಸಬಾರದು, ಎರಡನ್ನೂ ಓದಬೇಕು.

ಪೌಲನಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ರೋಮಿನ ಚಕ್ರವರ್ತಿಯನ್ನು ಆರಿಸುವ ಅವಕಾಶ ಪೌಲನ ಓದುಗರಿಗೆ ಇರಲಿಲ್ಲ. ಪ್ರಾರ್ಥಿಸುವುದು, ತೆರಿಗೆ ಕೊಡುವುದು, ಸಹಿಸುವುದು ಇಷ್ಟೇ ಅವರ ಕೈಯಲ್ಲಿದ್ದದ್ದು. ನಮ್ಮ ಸಂವಿಧಾನದಲ್ಲಿ ಅಧಿಕಾರದ ಮೂಲ ಜನರೇ. ಹೀಗಿರುವಾಗ ಆಳುವವರನ್ನು ಆರಿಸುವ ಕೆಲಸ ಅಧಿಕಾರದ ಒಂದು ಪಾಲು. ಆ ಪಾಲಿಗೂ ದೇವರ ಮುಂದೆ ಲೆಕ್ಕ ಕೊಡಬೇಕಾಗುತ್ತದೆ. ಯೆರೆಮೀಯ 29:7ರಲ್ಲಿ, ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ದೇವರು ಹೇಳಿದ್ದು ನಿಮ್ಮ ಕೇರಿಯ ಕ್ಷೇಮ ನೋಡಿಕೊಳ್ಳಿರಿ ಎಂದಲ್ಲ. ಅವರನ್ನು ಸೆರೆ ಒಯ್ದ ಅದೇ ಪಟ್ಟಣದ ಕ್ಷೇಮವನ್ನು ಹಾರೈಸಿರಿ, ಅದರ ಕ್ಷೇಮದಲ್ಲಿ ನಿಮ್ಮ ಕ್ಷೇಮವಿದೆ ಎಂದು.

ಆದರೂ ಚುನಾವಣೆಗೆ ಇಡೀ ಬೈಬಲಿನಲ್ಲಿ ಅತಿ ಹತ್ತಿರವಾದ ಭಾಗ ನನ್ನ ಮಟ್ಟಿಗೆ ನ್ಯಾಯಸ್ಥಾಪಕರ 9ನೇ ಅಧ್ಯಾಯ. ಮರಗಳು ತಮಗೊಬ್ಬ ಅರಸನನ್ನು ಆರಿಸಲು ಹೊರಟವು. ಎಣ್ಣೆಯ ಮರ, ನನ್ನ ಎಣ್ಣೆ ಬಿಟ್ಟು ಬರಲೇ ಎಂದಿತು. ಅಂಜೂರ, ನನ್ನ ಸಿಹಿ ಹಣ್ಣು ಬಿಟ್ಟು ಬರಲೇ ಎಂದಿತು. ದ್ರಾಕ್ಷಿಯೂ ಒಲ್ಲೆನೆಂದಿತು. ಕೊನೆಗೆ ಒಪ್ಪಿದ್ದು ಮುಳ್ಳಿನ ಗಿಡ. ನನ್ನ ನೆರಳಿಗೆ ಬನ್ನಿರಿ, ಇಲ್ಲದಿದ್ದರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನೂ ಸುಡಲಿ ಎಂದಿತು. ಯೋತಾಮ ಈ ಕಥೆ ಹೇಳಿದ್ದು ಅಬೀಮೆಲೆಕನನ್ನು ಅರಸನನ್ನಾಗಿ ಮಾಡಿಕೊಂಡ ಶೆಕೆಮಿನವರಿಗೆ. ಅವರು ಅವನನ್ನು ಒಪ್ಪಿದ ಕಾರಣ ಅದೇ ಅಧ್ಯಾಯದಲ್ಲಿದೆ: ಇವನು ನಮ್ಮವನು, ನಮ್ಮ ರಕ್ತಸಂಬಂಧಿ. ಖರ್ಚಿಗೆ ಹಣ ಬಂದದ್ದು ಬಾಳ್‌ಬೆರೀತ್ ದೇವರ ಗುಡಿಯಿಂದ, ಎಪ್ಪತ್ತು ಬೆಳ್ಳಿ ನಾಣ್ಯ. ಆ ಹಣದಿಂದ ಅವನು ಪುಂಡರನ್ನು ಕೂಲಿಗೆ ಹಿಡಿದು ತನ್ನ ಅಣ್ಣತಮ್ಮಂದಿರನ್ನು ಕೊಲ್ಲಿಸಿದ. ಒಳ್ಳೆಯವರು ತಮ್ಮ ಕೆಲಸವೇ ಸಾಕೆಂದು ಹಿಂದೆ ಸರಿದದ್ದು, ‘ನಮ್ಮವನು’ ಎಂಬ ಒಂದೇ ಕಾರಣಕ್ಕೆ ಒಪ್ಪಿದ್ದು, ಪೂಜಾಸ್ಥಳದ ಹಣ ರಾಜಕೀಯಕ್ಕೆ ಹರಿದದ್ದು: ಮೂರು ಕೇಡೂ ಅಲ್ಲಿ ಒಟ್ಟಿಗಿವೆ.

ಮೊದಲನೆಯ ಕೇಡು ಹಿಂದೆ ಸರಿಯುವುದು. ನಮ್ಮ ಕೆಲವು ಬ್ರದರನ್ ಮತ್ತು ಪೆಂತೆಕೋಸ್ತ್ ಸಭೆಗಳಲ್ಲಿ, ನಮ್ಮ ಪೌರತ್ವ ಪರಲೋಕದಲ್ಲಿದೆ ಎಂಬ ಫಿಲಿಪ್ಪಿಯವರ ಪತ್ರದ ಮಾತನ್ನು ಹಿಡಿದು ಮತ ಹಾಕದವರಿದ್ದಾರೆ. ಅವರ ಮನಸ್ಸಾಕ್ಷಿಯನ್ನು ಹೀಯಾಳಿಸಬಾರದು. ಕತ್ತಿ ಹಿಡಿಯುವ ಅಧಿಕಾರದಿಂದ ದೂರ ನಿಂತ ಕ್ರೈಸ್ತರ ಪರಂಪರೆ ಹಳೆಯದು, ಗೌರವದ್ದು. ಆದರೆ ಪೌಲನೇ ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿಕೊಂಡ ಮೇಲೆ ತನ್ನ ರೋಮನ್ ಪೌರತ್ವವನ್ನು ಮುಂದಿಟ್ಟು ಅಧಿಕಾರಿಗಳನ್ನು ಕರೆಸಿದ ಎಂಬುದನ್ನೂ ಮರೆಯಬಾರದು. ರೇಷನ್ ಕಾರ್ಡು, ರಸ್ತೆ, ಸರ್ಕಾರಿ ಆಸ್ಪತ್ರೆ ಎಲ್ಲವನ್ನೂ ಪಡೆದು ಮತವೊಂದೇ ಲೋಕದ್ದು ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಯಾವ ಅಭ್ಯರ್ಥಿಯನ್ನೂ ಮನಸ್ಸು ಒಪ್ಪದಿದ್ದರೆ 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ನೋಟಾ ಇದೆ. ಆದರೆ ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಅದನ್ನು ತಿಳಿದೇ ಒತ್ತಬೇಕು.

ಈಗ ಚರ್ಚಿನ ವಿಷಯ. ಇಲ್ಲಿ ಕಾನೂನು ಬಹಳ ಸ್ಪಷ್ಟ, ನಮ್ಮ ತಿಳಿವಳಿಕೆ ಬಹಳ ಕಡಿಮೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಚುನಾವಣಾ ಭ್ರಷ್ಟಾಚಾರಗಳನ್ನು ಹೆಸರಿಸುತ್ತದೆ. ಅದರ (3)ನೇ ಉಪಕಲಂ ಪ್ರಕಾರ ಧರ್ಮದ ಹೆಸರಿನಲ್ಲಿ ಅಭ್ಯರ್ಥಿಯಾಗಲಿ, ಅವರ ಏಜೆಂಟರಾಗಲಿ, ಅವರ ಒಪ್ಪಿಗೆಯಿಂದ ಬೇರೆ ಯಾರಾಗಲಿ ಮತ ಕೇಳಿದರೆ ಗೆದ್ದ ಚುನಾವಣೆಯೇ ರದ್ದಾಗಬಹುದು. 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕು-ಮೂರರ ಬಹುಮತದಿಂದ ಇದನ್ನು ಇನ್ನೂ ವಿಸ್ತರಿಸಿತು. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮ ಹೇಳಿ ಕೇಳಿದರೂ ತಪ್ಪೇ. ‘ನಾವು ಕ್ರೈಸ್ತರು, ಆದ್ದರಿಂದ ಇಂಥವರಿಗೆ’ ಎಂಬ ಮಾತು ನೇರವಾಗಿ ಇದರಡಿ ಬರುತ್ತದೆ.

(2)ನೇ ಉಪಕಲಂ ನಮ್ಮ ಬೋಧಕರು ಒಮ್ಮೆ ಕೂತು ಓದಬೇಕಾದದ್ದು. ಇಂಥವರಿಗೆ ಮತ ಹಾಕಿದರೆ ಅಥವಾ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ, ಧಾರ್ಮಿಕ ಶಿಕ್ಷೆ ಬರುತ್ತದೆ ಎಂದು ನಂಬಿಸುವುದನ್ನು ಅದು ಅನುಚಿತ ಪ್ರಭಾವ ಎಂದು ಕರೆಯುತ್ತದೆ. ಪ್ರಸಂಗಪೀಠದಿಂದ ಬಂದ ಒಂದು ‘ಶಾಪ’ದ ಮಾತು, ಪ್ರಭುಭೋಜನ ಕೊಡುವುದಿಲ್ಲವೆಂಬ ಒಂದು ಸುಳಿವು ಇಷ್ಟೇ ಸಾಕು.

1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಇನ್ನೂ ಹತ್ತಿರಕ್ಕೆ ಬರುತ್ತದೆ. ಅದರ 3ನೇ ಕಲಂ ಪ್ರಕಾರ ಪೂಜಾಸ್ಥಳವನ್ನಾಗಲಿ ಅದಕ್ಕೆ ಸೇರಿದ ಆವರಣವನ್ನಾಗಲಿ ರಾಜಕೀಯ ಚಟುವಟಿಕೆಯ ಪ್ರಚಾರಕ್ಕೆ ಬಳಸುವಂತಿಲ್ಲ. ಸಂಸ್ಥೆಯ ಹಣವನ್ನೂ ಪಕ್ಷಕ್ಕೆ ಬಳಸುವಂತಿಲ್ಲ. ತಪ್ಪಿದರೆ ಐದು ವರ್ಷದವರೆಗೆ ಸೆರೆ, ಹತ್ತು ಸಾವಿರದವರೆಗೆ ದಂಡ. ಕಟ್ಟಡದೊಳಗೆ ಭಾಷಣ ಬೇಡ, ಹೊರಗಿನ ಹಾಲಿನಲ್ಲಿ ಕೂರಿಸೋಣ ಎಂಬ ಉಪಾಯ ಕೆಲಸಕ್ಕೆ ಬರುವುದಿಲ್ಲ. ಪೂಜೆ ಮುಗಿದ ಮೇಲೆ ಅಭ್ಯರ್ಥಿಗೆ ಮೈಕ್ ಕೊಟ್ಟು ‘ಎರಡು ಮಾತು’ ಆಡಿಸುವುದು ನಮ್ಮಲ್ಲಿ ಸೌಜನ್ಯವೆಂದೇ ನಡೆದುಬಂದಿದೆ. ಮಾದರಿ ನೀತಿಸಂಹಿತೆ ಜಾರಿಯಲ್ಲಿರುವಾಗ ಆ ಸೌಜನ್ಯ ಬೇಡ. ಅಭ್ಯರ್ಥಿ ಪ್ರಾರ್ಥನೆಗೆ ಬಂದರೆ ಎಲ್ಲರಂತೆ ಬೆಂಚಿನಲ್ಲಿ ಕೂರಲಿ, ಎಲ್ಲರಂತೆ ಹೊರಡಲಿ. ಹಾರ, ಹೆಸರು ಹೇಳಿ ಸ್ವಾಗತ, ಫೋಟೊ ಯಾವುದೂ ಬೇಡ.

ಕಥೋಲಿಕ ಗುರುಗಳಿಗೆ ಸಭೆಯ ಕಾನೂನೇ ಗೆರೆ ಎಳೆದಿದೆ. 1983ರ ಕಾನೂನು ಸಂಹಿತೆಯ 285ನೇ ನಿಯಮ, ಆಳುವ ಅಧಿಕಾರವಿರುವ ಸರ್ಕಾರಿ ಹುದ್ದೆಗಳನ್ನು ಗುರುಗಳು ಹಿಡಿಯಬಾರದೆನ್ನುತ್ತದೆ. 287ನೇ ನಿಯಮ ಪಕ್ಷಗಳಲ್ಲಿ ಸಕ್ರಿಯ ಪಾತ್ರ ಬೇಡವೆನ್ನುತ್ತದೆ. ವಿಶ್ವಾಸಿಗಳಿಗಾದರೋ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಸ್ವತಂತ್ರವಾಗಿ ಮತ ಹಾಕುವುದು ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದಿತು. ಹಂಚಿಕೆ ಸರಿಯಾಗಿದೆ. ಗುರು ಮನಸ್ಸಾಕ್ಷಿಯನ್ನು ತಿದ್ದಲಿ, ಬಟನ್ ಒತ್ತುವ ಬೆರಳು ವಿಶ್ವಾಸಿಯದೇ ಆಗಿರಲಿ. ಪ್ರೊಟೆಸ್ಟೆಂಟ್ ಸಭಾಪಾಲಕರಿಗೆ ಅಷ್ಟು ಬಿಗಿಯಾದ ನಿಯಮ ಇಲ್ಲದ ಕಡೆ ಅವರೇ ಅದನ್ನು ಹಾಕಿಕೊಳ್ಳುವುದು ಒಳ್ಳೆಯದು. ಪ್ರಸಂಗಪೀಠದಿಂದ ಬಡವರ ಬಗ್ಗೆ, ಲಂಚದ ಬಗ್ಗೆ, ದ್ವೇಷದ ಮಾತಿನ ಬಗ್ಗೆ ಎಷ್ಟು ಗಟ್ಟಿಯಾಗಿ ಬೇಕಾದರೂ ಮಾತಾಡಬಹುದು. ಪಕ್ಷದ ಹೆಸರು, ಚಿಹ್ನೆ, ಬಣ್ಣ, ಅಭ್ಯರ್ಥಿಯ ಹೆಸರು ಬಂದೊಡನೆ ಅದು ಪ್ರಸಂಗವಾಗಿ ಉಳಿಯುವುದಿಲ್ಲ. ಸಭೆಯ ವಾಟ್ಸಾಪ್ ಗುಂಪಿಗೂ ಇದೇ ಮಾತು. ಗುಂಪಿನ ಅಡ್ಮಿನ್ ಸಾಮಾನ್ಯವಾಗಿ ಪಾಲನಾ ಸಮಿತಿಯ ಕಾರ್ಯದರ್ಶಿಯೇ ಆಗಿರುವುದರಿಂದ, ಅಲ್ಲಿ ಬಂದ ಫಾರ್ವರ್ಡ್ ಹೊರಗಿನವರ ಕಣ್ಣಿಗೆ ಚರ್ಚಿನ ಮಾತಾಗಿಯೇ ಕಾಣುತ್ತದೆ.

ಕಾಂಪೌಂಡಿನ ಭರವಸೆಯನ್ನು ಏನು ಮಾಡುವುದು? ಸಮಾಧಿಸ್ಥಳದ ಜಾಗ ನಿಜವಾದ ತೊಂದರೆ, ಅದನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಕೇಳಬೇಕಾದದ್ದು ಚುನಾವಣೆ ಇಲ್ಲದ ದಿನಗಳಲ್ಲಿ, ತಹಶೀಲ್ದಾರರಿಗೆ, ಗ್ರಾಮ ಪಂಚಾಯಿತಿಗೆ, ಲಿಖಿತ ಅರ್ಜಿಯಲ್ಲಿ. ಸ್ವೀಕೃತಿ ಪಡೆದು, ಊರಿನ ಬೇರೆ ಸಮುದಾಯಗಳ ಸ್ಮಶಾನದ ಬೇಡಿಕೆಯನ್ನೂ ಜೊತೆಗಿಟ್ಟು ಕೇಳಿದರೆ ಅದು ನಾಗರಿಕರ ಬೇಡಿಕೆ. ಮತದ ಬದಲಿಗೆ ಕೇಳಿದರೆ ಅದು ವ್ಯಾಪಾರ.

ಹಣದ ಮಾತು ಇನ್ನೂ ಕಷ್ಟದ್ದು. ಭಾರತೀಯ ನ್ಯಾಯ ಸಂಹಿತೆಯ 170 ಮತ್ತು 173ನೇ ಕಲಂಗಳ ಪ್ರಕಾರ ಕೊಟ್ಟವರೂ ತೆಗೆದುಕೊಂಡವರೂ ಇಬ್ಬರೂ ಅಪರಾಧಿಗಳು, ಒಂದು ವರ್ಷದವರೆಗೆ ಸೆರೆ. ಊಟ, ಕುಡಿತ, ಮನರಂಜನೆಯ ರೂಪದ ಆಮಿಷಕ್ಕೆ ದಂಡ. ತೋಟದ ಶೆಡ್ಡಿನಲ್ಲಿ ಹಾಕಿಸಿದ ಬಾಡೂಟವೂ ಇದರೊಳಗೇ ಬರುತ್ತದೆ. ‘ಅವರ ದುಡ್ಡು ತಗೊಂಡು ನಮ್ಮ ಮನಸ್ಸಿಗೆ ಬಂದವರಿಗೆ ಹಾಕಿದರಾಯಿತು’ ಎನ್ನುವ ವಾದ ಬುದ್ಧಿವಂತಿಕೆಯಂತೆ ಕೇಳಿಸುತ್ತದೆ. ಆದರೆ ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂದ ಯೇಸುವಿನ ಶಿಷ್ಯರಿಗೆ ಆ ದಾರಿ ಇಲ್ಲ. ಲಂಚವು ಜ್ಞಾನಿಗಳ ಕಣ್ಣನ್ನೂ ಕುರುಡು ಮಾಡುತ್ತದೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ತೆಗೆದುಕೊಂಡ ಮೇಲೂ ನಾನು ಸ್ವತಂತ್ರ ಎಂಬ ಭಾವನೆಯೇ ಆ ಕುರುಡು. ಇನ್ನು ಹಣ ಕೊಟ್ಟು ಆಣೆ ಹಾಕಿಸಿಕೊಳ್ಳುವ ಪದ್ಧತಿ. ಬಡವರು ನಿಜವಾಗಿ ನರಳುವುದು ಇಲ್ಲಿ, ಆಣೆ ಮುರಿದರೆ ಮಕ್ಕಳಿಗೆ ಕೇಡಾಗುತ್ತದೆಂಬ ಭಯದಲ್ಲಿ. ಸಭಾಪಾಲಕರು ಸ್ಪಷ್ಟವಾಗಿ ಹೇಳಬೇಕು: ಕೆಟ್ಟದ್ದನ್ನು ಮಾಡುವೆನೆಂದು ಹಾಕಿದ ಆಣೆ ದೇವರ ಮುಂದೆ ಕಟ್ಟು ಹಾಕುವುದಿಲ್ಲ. ಅರಸ ಹೆರೋದ ಆಣೆ ಉಳಿಸಿಕೊಳ್ಳಲು ಸ್ನಾನಿಕ ಯೋಹಾನನ ತಲೆ ಕಡಿಸಿದ. ಅವನು ಮಾಡಬೇಕಿದ್ದದ್ದು ಆಣೆ ಮುರಿದು ಪಶ್ಚಾತ್ತಾಪ ಪಡುವುದು. ಈ ಒಂದು ಬೋಧನೆ ಲೈನ್ ಮನೆಗಳಲ್ಲಿ ಎಷ್ಟೋ ಜನರ ಎದೆಯ ಭಾರ ಇಳಿಸುತ್ತದೆ.

ಅಭ್ಯರ್ಥಿಯನ್ನು ಅಳೆಯುವುದಕ್ಕೆ ವಿಮೋಚನಕಾಂಡ 18:21 ಸಾಕು. ಸಮರ್ಥರು, ದೇವಭಕ್ತರು, ನಂಬಿಗಸ್ತರು, ಲಂಚವನ್ನು ಹಗೆ ಮಾಡುವವರು. ಮೋಶೆಗೆ ಅವನ ಮಾವ ಇತ್ರೋ ಈ ಸಲಹೆ ಕೊಟ್ಟಾಗ ಮೊದಲು ಹೇಳಿದ್ದು ಸಾಮರ್ಥ್ಯ. ಭಕ್ತಿಯೊಂದೇ ಇದ್ದು ಕಡತ ಓದಲು ಬಾರದವರು ಒಳ್ಳೆಯ ಶಾಸಕರಾಗುವುದಿಲ್ಲ. ಮಿಕ್ಕದ್ದನ್ನು ತಿಳಿಯಲು ನಮೂನೆ 26ರ ಪ್ರಮಾಣಪತ್ರ ಇದೆ. ನಾಮಪತ್ರದ ಜೊತೆ ಪ್ರತಿಯೊಬ್ಬ ಅಭ್ಯರ್ಥಿಯೂ ಕೊಡಲೇಬೇಕಾದದ್ದು. ಚುನಾವಣಾಧಿಕಾರಿಯ ಸೂಚನಾ ಫಲಕದಲ್ಲಿ, ಚುನಾವಣಾ ಆಯೋಗದ ಜಾಲತಾಣದಲ್ಲಿ, ಆ್ಯಪಿನಲ್ಲಿ ಸಿಗುತ್ತದೆ. ಎಲ್ಲರೂ ಆಸ್ತಿಯ ಮೊತ್ತ ನೋಡಿ ಬಾಯಿ ತೆರೆದು ಅಲ್ಲಿಗೇ ಬಿಡುತ್ತಾರೆ. ನೋಡಬೇಕಾದದ್ದು ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳ ಕಲಂಗಳು (ಪ್ರತಿಭಟನೆಯ ಕೇಸೋ, ಹಲ್ಲೆಯದೋ, ದ್ವೇಷ ಭಾಷಣದ್ದೋ), ಸರ್ಕಾರಕ್ಕೆ ಕಟ್ಟಬೇಕಾದ ಬಾಕಿಗಳು, ಸರ್ಕಾರದ ಜೊತೆಗಿನ ಗುತ್ತಿಗೆಗಳು, ಮತ್ತು ಕಳೆದ ಐದು ವರ್ಷಗಳ ಆದಾಯಕ್ಕೂ ಆಸ್ತಿಗೂ ತಾಳೆಯಾಗುತ್ತದೆಯೇ ಎಂಬುದು. ಕೇಸುಗಳಿರುವ ಅಭ್ಯರ್ಥಿ ಅವುಗಳನ್ನು ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆಯಲ್ಲೂ ಟಿವಿಯಲ್ಲೂ ಪ್ರಕಟಿಸಬೇಕೆಂಬ ನಿಯಮ 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು.

ಆಮೇಲೆ ಕೇಳಬೇಕಾದ ಪ್ರಶ್ನೆಗಳು. 2022ರ ಮತಾಂತರ ಕಾಯ್ದೆಯ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಬಹುದು, ಕೇಳಲೇಬೇಕು. ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನ ತಪ್ಪಿಸಿದ 1950ರ ರಾಷ್ಟ್ರಪತಿ ಆದೇಶದ ಬಗ್ಗೆಯೂ ಕೇಳಬೇಕು. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ತೆರೆದ ಬಾಗಿಲು ಕ್ರೈಸ್ತರಿಗೆ ಮುಚ್ಚಿಯೇ ಇದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಾವು ಮತ್ತೆ ಆಶ್ರಯ ಕೇಳಿದಂತೆಯೇ. ಮೂಕರ ಪರವಾಗಿ ಬಾಯಿ ತೆರೆ ಎಂದು ಜ್ಞಾನೋಕ್ತಿ 31:8 ಹೇಳುವಾಗ, ಮೂಕರು ನಮ್ಮ ಸಭೆಯವರೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. 2016ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ಅಂಥವರ ಮನೆ, ಹಕ್ಕುಪತ್ರ, ಹಾಡಿಗೆ ನೀರು, ಶಾಲೆಯ ಬಗ್ಗೆ ಈ ಅಭ್ಯರ್ಥಿ ಏನು ಹೇಳುತ್ತಾರೆ? ಪೀಳಿಗೆಗಳಿಂದ ಲೈನ್ ಮನೆಯಲ್ಲಿರುವ ಕಾರ್ಮಿಕರು ಕೆಲಸ ಬಿಟ್ಟ ದಿನ ಎಲ್ಲಿಗೆ ಹೋಗಬೇಕು? ಆನೆ ತುಳಿದು ಸತ್ತ ಕೂಲಿಯವರ ಮನೆಗೆ ಪರಿಹಾರ ಯಾವಾಗ ತಲುಪುತ್ತದೆ? 2018ರ ಆಗಸ್ಟಿನ ಭೂಕುಸಿತದ ನಂತರ ಗುಡ್ಡದ ಇಳಿಜಾರುಗಳನ್ನು ಕಡಿಯುವುದಕ್ಕೆ ಯಾವ ತಡೆ ಇರಬೇಕು? ಕ್ರೈಸ್ತರು ಅಭ್ಯರ್ಥಿಯ ಮುಂದೆ ಈ ಪ್ರಶ್ನೆಗಳನ್ನು ಇಟ್ಟರೆ ಅವರಿಗೆ ಆಶ್ಚರ್ಯವಾಗುತ್ತದೆ. ಆ ಆಶ್ಚರ್ಯ ನಮ್ಮ ಬಗ್ಗೆ ಬಹಳ ಹೇಳುತ್ತದೆ.

ಇಷ್ಟೆಲ್ಲ ಯೋಚಿಸಿದವರ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ? ಚರ್ಚು ಪಕ್ಷಾತೀತವಾಗಿ, ಧೈರ್ಯವಾಗಿ ಮಾಡಬಹುದಾದ ಕೆಲಸ ಇದು. ಪೂಜೆಯ ನಂತರ ಒಂದು ಮೇಜು, ಫಾರಂ ತುಂಬಲು ತಿಳಿದ ಇಬ್ಬರು ಯುವಕರು ಸಾಕು. ಜಾತಿ, ಧರ್ಮ ನೋಡದೆ ಊರಿನವರೆಲ್ಲರಿಗೂ ತೆರೆದಿರಲಿ. ಹೊಸ ಹೆಸರಿಗೆ ನಮೂನೆ 6. ವಿಳಾಸ ಬದಲು, ತಿದ್ದುಪಡಿ, ಗುರುತಿನ ಚೀಟಿ ಕಳೆದದ್ದು ಇವಕ್ಕೆ ನಮೂನೆ 8. ಸತ್ತವರ ಹೆಸರು ತೆಗೆಸಲು ನಮೂನೆ 7. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಖು ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿರುವುದರಿಂದ 18 ತುಂಬಿದವರು ಮುಂದಿನ ಜನವರಿಗೆ ಕಾಯಬೇಕಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ. ಅರ್ಜಿ ಪರಿಶೀಲನೆಗೂ ದಿನ ಬೇಕಾದ್ದರಿಂದ ಚುನಾವಣೆ ಘೋಷಣೆಯವರೆಗೆ ಕಾಯದಿರುವುದೇ ಕ್ಷೇಮ.

ನಮ್ಮಲ್ಲಿ ತಪ್ಪುವುದು ಎಲ್ಲಿ ಎಂದರೆ ಹೆಸರಿನಲ್ಲಿ. ದೀಕ್ಷಾಸ್ನಾನದ ಹೆಸರು ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು ಕಾಗುಣಿತ. ಎಲ್ಲವನ್ನೂ ಒಂದಕ್ಕೆ ತರದೆ ಫಾರಂ ಹಾಕಿದರೆ ವಿಚಾರಣೆಗೆ ಓಡಾಡಬೇಕಾಗುತ್ತದೆ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ತವರಿನಲ್ಲೇ ಉಳಿಯುವುದು ಇನ್ನೊಂದು. ಕೇರಳದ ಮನೆಯಲ್ಲೂ ಇಲ್ಲೂ ಎರಡು ಕಡೆ ಹೆಸರಿಟ್ಟುಕೊಂಡವರು ಒಂದನ್ನು ತೆಗೆಸಲೇಬೇಕು. ಒಬ್ಬರಿಗೆ ಒಂದೇ ಕ್ಷೇತ್ರ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆ.

85 ದಾಟಿದವರೂ ಶೇ 40ರಷ್ಟು ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರೂ ಮನೆಯಿಂದಲೇ ಮತ ಹಾಕಬಹುದು. ಅದಕ್ಕೆ ನಮೂನೆ 12ಡಿ, ಅಧಿಸೂಚನೆ ಹೊರಟ ಐದು ದಿನಗಳೊಳಗೆ ಕೊಡಬೇಕು. ಈ ಐದು ದಿನ ತಪ್ಪುವುದರಿಂದಲೇ ಎಷ್ಟೋ ಅಜ್ಜಿಯರನ್ನು ಜೀಪಿನಲ್ಲಿ ಕೂರಿಸಿ ಮಣ್ಣುರಸ್ತೆಯಲ್ಲಿ ಮತಗಟ್ಟೆಗೆ ತರಬೇಕಾಗುತ್ತದೆ. ಜೀಪಿನ ವಿಷಯದಲ್ಲೂ ಎಚ್ಚರ ಬೇಕು. ನೆರೆಯವರು ತಮ್ಮ ಖರ್ಚಿನಲ್ಲಿ ಕರೆತಂದರೆ ತೊಂದರೆಯಿಲ್ಲ, ಅಭ್ಯರ್ಥಿಯ ಕಡೆಯವರು ಡೀಸೆಲ್ ಹಾಕಿಸಿದರೆ ಅದು 123(5)ರಡಿ ಭ್ರಷ್ಟಾಚಾರ. ಕಣ್ಣು ಕಾಣದವರಿಗೆ, ಕೈ ಆಡದವರಿಗೆ 18 ತುಂಬಿದ ಒಬ್ಬ ಸಹಾಯಕರು ಜೊತೆ ಹೋಗಬಹುದು. ಆದರೆ ಒಬ್ಬರು ಆ ದಿನ ಒಬ್ಬರಿಗೆ ಮಾತ್ರ ಸಹಾಯಕರಾಗಬಹುದು. ಉಪದೇಶಿಯೊಬ್ಬರೇ ಹತ್ತು ಮಂದಿ ಹಿರಿಯರ ಕೈ ಹಿಡಿದು ಒಳಗೆ ಹೋಗುವಂತಿಲ್ಲ. ಓದು ಬಾರದು ಎಂಬುದು ಸಹಾಯಕರನ್ನು ಕರೆದೊಯ್ಯಲು ಕಾರಣವಾಗುವುದಿಲ್ಲ, ಚಿಹ್ನೆಗಳಿರುವುದೇ ಅದಕ್ಕೆ.

ತೋಟ ನಡೆಸುವ ಕ್ರೈಸ್ತರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಲೋಕಸಭೆ, ವಿಧಾನಸಭೆ ಚುನಾವಣೆಗಳ ಮತದಾನದ ದಿನ ಸಂಬಳ ಸಹಿತ ರಜೆ ಕಡ್ಡಾಯ ಮಾಡಿದೆ. ದಿನಗೂಲಿಯವರಿಗೂ ಆ ದಿನದ ಕೂಲಿ ಕೊಡಬೇಕು. ಅದೇ ನ್ಯಾಯವನ್ನು ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ನಾವು ನಡೆಸಬೇಕು. ಅದು 2020ರಲ್ಲಿ ನಡೆದದ್ದು ಡಿಸೆಂಬರ್ 22 ಮತ್ತು 27ರಂದು, ಅರೇಬಿಕಾ ಹಣ್ಣು ಕುಯ್ಯುವ ನಡುಗಾಲದಲ್ಲಿ. ಹಣ್ಣು ಉದುರುತ್ತದೆ ಎಂಬುದು ನಿಜ, ಒಂದು ದಿನದ ಕೂಲಿ ದಂಡವೆನಿಸುವುದೂ ನಿಜ. ಆದರೂ ‘ಓಟು ಹಾಕಿ ಬಂದು ಅರ್ಧ ದಿನ ಕುಯ್ದರೆ ಮಾತ್ರ ಕೂಲಿ’ ಎಂದು ಮೇಸ್ತ್ರಿಯ ಬಾಯಲ್ಲಿ ಹೇಳಿಸುವುದು ಯಾಕೋಬನ ಪತ್ರದ 5ನೇ ಅಧ್ಯಾಯ ಓದುವವರಿಗೆ ಒಪ್ಪುವ ಕೆಲಸವಲ್ಲ. ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಅಲ್ಲಿದೆ. ಕೆಲಸಗಾರರನ್ನು ಪಿಕಪ್ಪಿನಲ್ಲಿ ತುಂಬಿಸಿ ಯಾರಿಗೆ ಒತ್ತಬೇಕೆಂದು ದಾರಿಯಲ್ಲಿ ಹೇಳಿಕೊಡುವುದಂತೂ ಬೇಡವೇ ಬೇಡ.

ಮತಗಟ್ಟೆಯೊಳಗಿನ ಕ್ರಮ ಬಹುತೇಕರಿಗೆ ಗೊತ್ತು. ಎರಡು ಮೂರು ವಿಷಯ ಮಾತ್ರ ನೆನಪಿಸುತ್ತೇನೆ. ಮನೆಗೆ ತಂದುಕೊಡುವ ಮತದಾರರ ಮಾಹಿತಿ ಚೀಟಿಯೊಂದೇ ಗುರುತಿಗೆ ಸಾಲದು, ಎಪಿಕ್ ಕಾರ್ಡು (ಮತದಾರರ ಗುರುತಿನ ಚೀಟಿ), ಆಧಾರ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್ ಇಂಥದ್ದೊಂದು ಬೇಕು. ಬಟನ್ ಒತ್ತಿದ ಮೇಲೆ ವಿವಿಪ್ಯಾಟ್ ಕಿಂಡಿಯಲ್ಲಿ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ನೋಡಿಯೇ ಹೊರಡಿ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮೊದಲೇ ಹಾಕಿ ಹೋಗಿದ್ದರೆ ಜಗಳವಾಡಿ ಹಿಂದಿರುಗಬೇಡಿ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಬಳಿ ಟೆಂಡರ್ ಮತಪತ್ರ ಕೇಳಿ. ಅದು ಅಂದಿನ ಎಣಿಕೆಗೆ ಸೇರುವುದಿಲ್ಲ, ಆದರೆ ಫಲಿತಾಂಶ ನ್ಯಾಯಾಲಯಕ್ಕೆ ಹೋದರೆ ಬೆಲೆ ಬರುತ್ತದೆ. ಮೊಬೈಲ್ ಒಳಗೆ ಒಯ್ಯುವಂತಿಲ್ಲ. ಒತ್ತಿದ್ದರ ಫೋಟೊ ತೋರಿಸಿದರೆ ಹಣ ಎನ್ನುವವರಿಗೆ ಕೊಡಬಹುದಾದ ಸುಲಭ ಉತ್ತರವೂ ಅದೇ.

ನಮ್ಮ ಶಾಲೆ ಕಾಲೇಜುಗಳು ಮರೆಯುವ ಇನ್ನೊಂದು ಚುನಾವಣೆಯಿದೆ. ವಿಧಾನ ಪರಿಷತ್ತಿನ ನೈರುತ್ಯ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಕೊಡಗೂ ಸೇರಿದೆ. ಇವಕ್ಕೆ ಹಳೆಯ ಪಟ್ಟಿ ಮುಂದುವರಿಯುವುದಿಲ್ಲ, ಪ್ರತಿ ಸಲವೂ ಹೊಸದಾಗಿ ನೋಂದಾಯಿಸಬೇಕು. ಪದವೀಧರರಿಗೆ ನಮೂನೆ 18, ಪ್ರೌಢಶಾಲೆ ಮತ್ತು ಅದಕ್ಕೆ ಮೇಲ್ಪಟ್ಟ ಸಂಸ್ಥೆಗಳ ಶಿಕ್ಷಕರಿಗೆ ನಮೂನೆ 19. ಮತಪತ್ರದಲ್ಲಿ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು, ಅಲ್ಲೇ ಕೊಟ್ಟ ಪೆನ್ನಿನಲ್ಲಿ. ಟಿಕ್ ಹಾಕಿದರೆ, ಸಹಿ ಮಾಡಿದರೆ ಮತ ಅಸಿಂಧು. ಓದಿದವರ ಮತಗಳೇ ಇಲ್ಲಿ ಕೆಡುತ್ತವೆ.

ಫಲಿತಾಂಶ ಬಂದ ಮುಂದಿನ ಭಾನುವಾರ ಗೆದ್ದವರ ಕಡೆಯವರೂ ಸೋತವರ ಕಡೆಯವರೂ ಒಂದೇ ಬೆಂಚಿನಲ್ಲಿ ಕೂರಬೇಕು. ಪಕ್ಷದ ಚಿಹ್ನೆ ಇಲ್ಲದ ಪಂಚಾಯಿತಿ ಚುನಾವಣೆಯಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ನಿಲ್ಲುವವರು ಸೋದರತ್ತೆಯ ಮಗ, ಎದುರು ಮನೆಯ ಅಕ್ಕ. ಒಂದು ಸಣ್ಣ ಸಭೆ ಎರಡಾಗಿ ಒಡೆಯಲು ಒಂದು ವಾರ್ಡಿನ ಸೋಲು ಸಾಕು. ಹಾಗಾಗಿ ಪಾಲನಾ ಸಮಿತಿಯ ಪದಾಧಿಕಾರಿಗಳು ಸ್ಪರ್ಧಿಸುವುದಾದರೆ ನಾಮಪತ್ರಕ್ಕೆ ಮೊದಲೇ ಆ ಹೊಣೆಯಿಂದ ಬಿಡುವು ಪಡೆಯುವುದು ಒಳ್ಳೆಯದು. ಗೆದ್ದವರಿಗಾಗಿ, ನಾವು ಒತ್ತದವರು ಗೆದ್ದಿದ್ದರೂ, ಹೆಸರು ಹೇಳಿ ಪ್ರಾರ್ಥಿಸಬೇಕು. 1 ತಿಮೊಥೆಯ 2ನೇ ಅಧ್ಯಾಯ ಯಾವ ಅರಸನನ್ನೂ ಹೊರಗಿಡಲಿಲ್ಲ.

ಮತ ಹಾಕುವುದು ಐದು ವರ್ಷಕ್ಕೊಮ್ಮೆ. ವಾರ್ಡ್ ಸಭೆ, ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಯಾವ ಪಕ್ಷವೂ ನಮ್ಮನ್ನು ಓಲೈಸುವುದಿಲ್ಲ, ಯಾವ ಕಾಂಪೌಂಡಿನ ಭರವಸೆಯೂ ಇಲ್ಲ, ಕುರ್ಚಿಗಳು ಖಾಲಿ ಇರುತ್ತವೆ. ವಸತಿ ಯೋಜನೆಯ ಮನೆ ಯಾರಿಗೆ ಎಂಬ ಪಟ್ಟಿ ಒಪ್ಪಿಗೆಯಾಗುವುದು ಅಲ್ಲಿ. ಹೋಗುವಾಗ ಬೇಡಿಕೆಯನ್ನು ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸಹಿ, ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದು ನಡಾವಳಿ ಪುಸ್ತಕಕ್ಕೆ ಏರದಿದ್ದರೆ ಮುಂದಿನ ಸಭೆಯಲ್ಲಿ ಅದರ ಗುರುತೇ ಇರುವುದಿಲ್ಲ. ಆದ್ದರಿಂದ ನಿಮ್ಮ ಅಂಶ ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಹಾಜರಿಗೆ ಸಹಿ ಹಾಕಿ. ಸಭೆಯ ತಾರೀಖು ತಿಳಿದ ಭಾನುವಾರ ಚರ್ಚಿನ ಪ್ರಕಟಣೆಯಲ್ಲಿ ಅದನ್ನೂ ಸೇರಿಸಿ ಓದಬಹುದು, ಅದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಆ ದಿನ ಕೆಲಸ ಬಿಟ್ಟು ಬರಲಾಗದ ಲೈನ್ ಮನೆಯವರ ಅರ್ಜಿಗಳನ್ನು ಹಿಂದಿನ ಸಂಜೆಯೇ ಬರೆದು, ಸಹಿ ಹಾಕಿಸಿಕೊಂಡು ಒಯ್ಯಿರಿ.